ಗಾಳಿಗೋಪುರದ ಬೇಡಮ್ಮ

ಬೇಡಮ್ಮನಿಗೆ ಕುಳಿತು ಚಹಾ ಕುಡಿದು ಗೊತ್ತಿರಲಿಲ್ಲ. ಲೋಟ ಕೈಗೆ ಬಂದ ಕೂಡಲೇ ಅವಳ ಕಾಲು ಕಿಟಕಿಯ ಕಡೆಗೆ ಹೊರಡುತ್ತಿತ್ತು. ಅಲ್ಲಿ ಒಂದು ಗುಟುಕು, ಬಾಗಿಲ ಹತ್ತಿರ ಒಂದು ಗುಟುಕು, ಅಂಗಳದಲ್ಲಿ ನಿಂತು ಮರದ ತುದಿ ನೋಡುತ್ತ ಇನ್ನೊಂದು ಗುಟುಕು. ಕೊನೆಗೆ ಖಾಲಿ ಲೋಟ ಎಲ್ಲಿದೆಯೆಂದು ಮನೆಯೆಲ್ಲ ಹುಡುಕುವ ಕೆಲಸ ಗಂಡನದು. "ಇವಳು ಹುಟ್ಟುವಾಗ ಮೊದಲು ಕಾಲು ಬಂತು, ಆಮೇಲೆ ನಿಧಾನವಾಗಿ ಮಗು ಬಂತು" ಎಂದು ಅವಳ ತಾಯಿ ಎಲ್ಲರಿಗೂ ಹೇಳುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರು ಅವಳನ್ನು ಬೆಂಚಿನ ತುದಿಗೇ ಕೂರಿಸುತ್ತಿದ್ದರು. ನಡುವೆ ಕೂತರೆ ಇಡೀ ಬೆಂಚು ಅಲುಗಾಡಿ ಯಾರ ಅಕ್ಷರವೂ ನೆಟ್ಟಗಿರುತ್ತಿರಲಿಲ್ಲ.

ಇಂಥವಳು ಕಟ್ಟಿಕೊಂಡದ್ದು ಒಬ್ಬ ದರ್ಜಿಯನ್ನು. ಅವನೋ, ಬೆಳಗ್ಗೆ ಹೊಲಿಗೆ ಯಂತ್ರದ ಮುಂದೆ ಕುಳಿತರೆ ಊಟಕ್ಕೆ ಕರೆದಾಗಲೇ ಏಳುವವನು. "ನಮ್ಮನೇಲಿ ಒಬ್ಬಳು ನಿಲ್ಲಲ್ಲ, ಒಬ್ಬ ಏಳಲ್ಲ. ಇಬ್ಬರನ್ನೂ ಕೂಡಿಸಿ ಭಾಗಿಸಿದ್ರೆ ಒಂದು ಸರಿಯಾದ ಮನುಷ್ಯ ಸಿಗುತ್ತೆ" ಎಂದು ಅವನು ಗಿರಾಕಿಗಳ ಮುಂದೆ ನಗುತ್ತಿದ್ದ.

ಅವಳಿಗೆ ಸಿಕ್ಕ ಕೆಲಸವೂ ಅವಳ ಕಾಲಿಗೆ ತಕ್ಕದ್ದೇ. ಬಂದರಿನಾಚೆ, ಊರು ಮುಗಿದು ಕುರುಚಲು ಶುರುವಾಗುವ ಕಡೆ, ಬೇಲಿ ಹಾಕಿದ ಒಂದು ದೊಡ್ಡ ಬಯಲಿತ್ತು. ಬಯಲಿನ ಅಂಚಿಗೆ ತಗಡು ಹೊದಿಸಿದ ಕಚೇರಿ. ಗಾಳಿಯಿಂದ ಕರೆಂಟ್ ತೆಗೆಯುವ ಹೊಸ ಬಗೆಯ ಗೋಪುರ ಯಾರು ಮಾಡಿ ತಂದರೂ ಅದನ್ನು ಆ ಬಯಲಿನಲ್ಲಿ ನಿಲ್ಲಿಸಿ, ಗಾಳಿಗೊಡ್ಡಿ, ಅಳೆದು, ನಡೆಯುತ್ತದೋ ಇಲ್ಲವೋ ಎಂದು ಹೇಳುವುದು ಆ ಕಚೇರಿಯ ಕೆಲಸ. ಊರಿನವರು ಅದನ್ನು ಗಾಳಿಗೋಪುರದ ಆಫೀಸು ಎಂದು ಕರೆದರು. ಕರೆದವರೇನೂ ಮುಗ್ಧರಲ್ಲ, ಹೇಳುವಾಗ ಅವರ ತುಟಿಯ ಒಂದು ಮೂಲೆ ಮೇಲಕ್ಕೆ ಹೋಗುತ್ತಿತ್ತು.

ಅಳೆಯುವವಳು ಇವಳು. ಬಂದವರೆಲ್ಲ ಕನಸು ಹೊತ್ತು ಬಂದವರೇ. ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತನಾದ ಒಬ್ಬ ಮುದುಕ ರೆಕ್ಕೆಯೇ ಇಲ್ಲದ ಕಂಬವೊಂದನ್ನು ತಂದು ನೆಟ್ಟ. ಗಾಳಿ ಬೀಸಿದರೆ ಅದು ಚಳಿ ಹಿಡಿದವರ ಹಾಗೆ ನಡುಗಬೇಕು, ಆ ನಡುಕದಿಂದ ಕರೆಂಟ್ ಹುಟ್ಟಬೇಕು. ನಡುಗಿದ್ದೂ ನಿಜ, ಹುಟ್ಟಿದ್ದೂ ನಿಜ. ಆದರೆ ಗಾಳಿ ಒಂದೇ ಹದದಲ್ಲಿ ಬೀಸಿದಾಗ ಮಾತ್ರ. ಹದ ಚೂರು ತಪ್ಪಿದರೂ ಕಂಬ ಮುನಿಸಿಕೊಂಡ ಅಳಿಯನ ಹಾಗೆ ನಿಂತುಬಿಡುತ್ತಿತ್ತು. ಇನ್ನೊಮ್ಮೆ ಗಂಡ ಹೆಂಡತಿ ಇಬ್ಬರು ಎತ್ತರದ ಚಿಮಣಿ ಕಟ್ಟಿಸಿದರು. ತುದಿಯಲ್ಲಿ ನೀರು ಸಿಂಪಡಿಸಿದರೆ ಒಳಗಿನ ಬಿಸಿಗಾಳಿ ತಣ್ಣಗಾಗಿ, ಭಾರವಾಗಿ, ಕೆಳಗೆ ಬೀಳುತ್ತದೆ. ಬೀಳುವ ಗಾಳಿಯ ದಾರಿಯಲ್ಲಿ ಫ್ಯಾನ್ ಇಟ್ಟರಾಯಿತು. ಲೆಕ್ಕ ಸುಳ್ಳಲ್ಲ. ಆದರೆ ನೀರನ್ನು ಮೇಲೆತ್ತುವ ಪಂಪು, ಫ್ಯಾನ್ ಕೊಟ್ಟದ್ದನ್ನೆಲ್ಲ ತಿಂದು ಇನ್ನೂ ಬೇಕು ಎನ್ನುತ್ತಿತ್ತು. ಮತ್ತೊಬ್ಬ ಮಹಾಶಯ ಎರಡು ಫ್ಯಾನ್ ಎದುರುಬದುರು ಇಟ್ಟು, ಇದರ ಗಾಳಿಗೆ ಅದು ತಿರುಗುತ್ತೆ, ಅದರ ಕರೆಂಟಿಗೆ ಇದು ತಿರುಗುತ್ತೆ ಎಂದ.

"ಹಾಗಾದ್ರೆ ಹೊರಗಿನ ಗಾಳಿ ಯಾತಕ್ಕೆ?" ಎಂದು ಇವಳು ಕೇಳಿದಳು.

"ಸುಮ್ಮನೆ, ಶುರು ಮಾಡೋದಕ್ಕೆ" ಎಂದ ಆತ.

ಎಲ್ಲರಿಗೂ ಅವಳು ಹೇಳಬೇಕಾಗಿ ಬಂದದ್ದು ಒಂದೇ ಮಾತು: ಬೇಡ. ಹಾಗೆ ಅವಳು ಬೇಡಮ್ಮ ಆದಳು. ತಿರುಚಿದ ಬಟ್ಟೆಯ ಹಾಗೆ ನೆಟ್ಟಗೆ ನಿಂತು ತಿರುಗುವ ಒಂದು ಸಣ್ಣ ಯಂತ್ರಕ್ಕೆ ಅವಳೇ ಹೂಂ ಅಂದಿದ್ದಳು, ಅದು ಇವತ್ತಿಗೂ ಅಲೆತಡೆಯ ಗೋಡೆಯ ಮೇಲೆ ದೋಣಿಗಳಿಗೆ ದೀಪ ಹಚ್ಚುತ್ತಿತ್ತು. ಅದನ್ನು ಯಾರೂ ನೆನೆಯುತ್ತಿರಲಿಲ್ಲ. ಒಬ್ಬೊಬ್ಬರಿಗೆ ಬೇಡ ಎಂದ ಮೇಲೂ ಅವಳು ಬಯಲಿನಲ್ಲಿ ಸುತ್ತುವುದೂ, ಕಿತ್ತು ಒಯ್ದ ಗೋಪುರದ ಗುಂಡಿಯ ಪಕ್ಕ ನಿಂತು ಎಲ್ಲಿ ಏನನ್ನು ಬದಲಿಸಿದ್ದರೆ ಇದು ನಡೆಯುತ್ತಿತ್ತು ಎಂದು ತಲೆ ಕೆಡಿಸಿಕೊಳ್ಳುವುದೂ ಯಾರಿಗೂ ಕಾಣುತ್ತಿರಲಿಲ್ಲ.

ಅವಳ ಗಂಡನಿಗೆ ಒಬ್ಬಳು ತಂಗಿ. ಗುಡ್ಡದ ಇಳಿಜಾರಿನಲ್ಲಿ ಅವಳದೊಂದು ವೆಲ್ಡಿಂಗ್ ಶೆಡ್. ಗೇಟು, ಕಿಟಕಿಯ ಕಂಬಿ, ನೀರಿನ ಟ್ಯಾಂಕಿಗೆ ಸ್ಟ್ಯಾಂಡು ಮಾಡಿಕೊಡುತ್ತಿದ್ದಳು. ಗಂಡಸರ ಶರ್ಟು ತೊಟ್ಟು, ಕಪ್ಪು ಗಾಜಿನ ಮುಖವಾಡ ಹಣೆಯ ಮೇಲೆ ಏರಿಸಿಕೊಂಡು ಓಡಾಡುವ ಈ ನಾದಿನಿಗೂ ಬೇಡಮ್ಮನಿಗೂ ಮೊದಲಿನಿಂದಲೇ ಹೊಂದಿಕೆ ಚೆನ್ನಾಗಿತ್ತು. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎಂದು ನಂಬಿದ ನೆಂಟರಿಗೆ ಇದರಿಂದ ಸ್ವಲ್ಪ ನಿರಾಸೆಯೇ ಆಗಿತ್ತು.

ಗುಡ್ಡದ ಮೇಲೆ ಒಂದಷ್ಟು ಮನೆಗಳಿದ್ದವು. ಅಲ್ಲಿಗೆ ಊರಿನ ಕರೆಂಟ್ ಏದುಸಿರು ಬಿಡುತ್ತ ತಲುಪುತ್ತಿತ್ತು. ಸಂಜೆಯಾದರೆ ದೀಪ ಕೆಂಪಗಾಗಿ, ನೀರಿನ ಪಂಪು ಗೊರಗೊರ ಅಂದು ನಿಲ್ಲುತ್ತಿತ್ತು. ಅದಕ್ಕೆಂದೇ ಪುರಸಭೆಯವರು ಅಲ್ಲೊಂದು ಮೂರು ರೆಕ್ಕೆಯ ಗಾಳಿಯಂತ್ರ ನಿಲ್ಲಿಸಿದ್ದರು. ನಿಲ್ಲಿಸಿದ ಮೇಲೆ ಅದನ್ನು ಹತ್ತಿ ಬೋಲ್ಟುಗಳನ್ನು ನೋಡಿದವರಿಲ್ಲ. ಗಾಳಿ ಜೋರಿದ್ದ ಒಂದು ಸಂಜೆ ರೆಕ್ಕೆಯೊಂದು ಮುರಿದು, ಇಳಿಜಾರಿನ ಮೇಲೆ ಹಾರಿ, ನಾದಿನಿಯ ಶೆಡ್ಡಿನ ಮಾಡು ಸೀಳಿ, ಅವಳು ಕೆಲಸ ಮಾಡುವ ಮೇಜಿನ ಮೇಲೇ ಬಿತ್ತು. ಗ್ಯಾಸ್ ಸಿಲಿಂಡರ್ ತರಲು ಅವಳು ಆಗಷ್ಟೇ ಹೊರಗೆ ಹೋಗಿದ್ದಳು. ವಾಪಸು ಬಂದು ನೋಡಿದರೆ ಮೇಜು ಇರಲಿಲ್ಲ.

ಅಂದಿನಿಂದ ಅವಳು ಯಾವ ಗಾಳಿಯಂತ್ರದ ಕೆಳಗೂ ನಡೆಯಲಿಲ್ಲ. ದಾರಿಯಲ್ಲಿ ಒಂದು ಕಂಡರೆ ಸುತ್ತು ಬಳಸಿ ಹೋಗುತ್ತಿದ್ದಳು. ಗುಡ್ಡದವರು ಆ ಯಂತ್ರವನ್ನು ಕಳಚಿಸಿದರು, ಕೆಂಪು ದೀಪದ ಬಾಳಿಗೆ ಮರಳಿದರು. ಗಾಳಿಗೋಪುರದ ಆಫೀಸು ಒಪ್ಪಿದ ಯಾವ ಹೊಸ ಗೋಪುರವಾದರೂ ಸರಿ, ಅಲ್ಲಿ ಕಟ್ಟುತ್ತೇವೆ ಎಂದು ಪುರಸಭೆ ಸಾರಿದಾಗ ನಾದಿನಿ ಒಂದು ಮಧ್ಯಾಹ್ನ ಅಣ್ಣನ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಮೇಲೆ ಒಂದು ಚಿತ್ರ ಹಾಸಿದಳು.

"ಮೇಲೆ ತಿರುಗೋದು ಏನೂ ಇರಬಾರದು. ತಿರುಗೋದೆಲ್ಲ ನೆಲದ ಮೇಲೆ ಇರಲಿ. ಕಳಚಿಕೊಂಡ್ರೂ ಕಾಲ ಮೇಲೆ ಬೀಳಲಿ ಅಣ್ಣ, ತಲೆ ಮೇಲೆ ಬೇಡ."

ಅವಳ ಗೋಪುರ ನೆಟ್ಟಗೆ ನಿಲ್ಲಿಸಿದ ಆಲಿಕೆಯಂತಿತ್ತು. ಮೇಲೆ ನಾಲ್ಕು ದಿಕ್ಕಿಗೂ ಅಗಲವಾದ ಕ್ಯಾನ್ವಾಸ್ ಬಾಯಿ. ಗಾಳಿ ಬಂದ ಕಡೆಯ ಬಟ್ಟೆ ಒಳಕ್ಕೆ ತೆರೆದುಕೊಳ್ಳಬೇಕು, ಉಳಿದ ಮೂರು ಕಡೆಯದು ಮುಚ್ಚಿಕೊಳ್ಳಬೇಕು. ಒಳಹೊಕ್ಕ ಗಾಳಿ ಕೆಳಗಿಳಿಯುತ್ತ ಇಳಿಯುತ್ತ ಕಿರಿದಾಗುವ ತಗಡಿನ ಗಂಟಲಲ್ಲಿ ವೇಗ ಹೆಚ್ಚಿಸಿಕೊಂಡು, ನೆಲದ ಮಟ್ಟದಲ್ಲಿ ಇಟ್ಟ ಫ್ಯಾನನ್ನು ತಿರುಗಿಸಿ ಹೊರಬೀಳಬೇಕು. ಕಬ್ಬಿಣದ ಕೆಲಸ ಅವಳದು, ಬಟ್ಟೆಯ ಕೆಲಸ ಅಣ್ಣನದು.

ದರ್ಜಿ ಆ ತನಕ ಅಷ್ಟು ದೊಡ್ಡದನ್ನು ಹೊಲಿದವನಲ್ಲ. ಕ್ಯಾನ್ವಾಸು ಅಂಗಡಿಯಿಂದ ಮನೆಯ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಹರಡಿತು. ಅಣ್ಣ ತಂಗಿ ಅದರ ಮೇಲೆ ಮಂಡಿಯೂರಿ ಕುಳಿತು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಚಿಕ್ಕ ಮಕ್ಕಳ ಹಾಗೆ ಜಗಳವಾಡಿದರು. ಬೇಡಮ್ಮ ಬಾಗಿಲಲ್ಲೇ ನಿಂತು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಹೊರಟೆ? ಈ ಮಡಿಕೆ ಹೀಗೆ ಬಂದ್ರೆ ಸರಿಯಾ, ನೋಡು" ಎಂದ ಗಂಡ.

"ನನ್ನ ಮುಂದೆ ಇದರ ಮಾತೇ ಆಡಬೇಡಿ. ನಾಳೆ ಅಳೆಯೋಳು ನಾನೇ. ಇವತ್ತು ಹೇಳಿಕೊಟ್ಟು ನಾಳೆ ಪರೀಕ್ಷೆ ಮಾಡೋದು ಅಂದ್ರೆ ಏನರ್ಥ?"

ಹೀಗಾಗಿ ಅವರಿಬ್ಬರು ಹೊಲಿದಷ್ಟು ಕಾಲವೂ ಇವಳು ಬೀದಿ ಸುತ್ತಿದಳು. ಮಾರುಕಟ್ಟೆಯ ಸುತ್ತ, ಬಂದರಿನ ಕಟ್ಟೆಯ ಉದ್ದಕ್ಕೆ, ಮತ್ತೆ ಮಾರುಕಟ್ಟೆಯ ಸುತ್ತ. ಆಲಿಕೆಯ ಗೋಪುರಗಳ ಬಗ್ಗೆ ಅವಳಿಗೆ ಒಳಗೊಳಗೇ ಅನುಮಾನವಿತ್ತು. ಗಾಳಿ ನೀರಲ್ಲ, ಸುರಿದರೆ ಇಳಿಯುವುದಕ್ಕೆ. ಆದರೆ ಅನುಮಾನಕ್ಕೂ ಅಳತೆಗೂ ವ್ಯತ್ಯಾಸವಿದೆ. ಅಳೆಯದೆ ಹೇಳಿದರೆ ಅದು ಬರೀ ಬಾಯಿಮಾತು. ಅದಲ್ಲದೆ, ಈ ಸಲ ತನ್ನ ಅನುಮಾನ ಸುಳ್ಳಾಗಲಿ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸುವುದೇ ಅವಳನ್ನು ಇನ್ನೊಂದು ಸುತ್ತು ಹಾಕಿಸುತ್ತಿತ್ತು.

ಗೋಪುರ ಬಯಲಿಗೆ ಬರುವ ಮೊದಲು ಅವಳು ಕಚೇರಿಯ ಮುಖ್ಯಸ್ಥರ ಮೇಜಿನ ಮುಂದೆ ಹೋಗಿ ನಿಂತಳು.

"ಸರ್, ಇದು ನಮ್ಮನೇದು. ಮಾಡಿದೋಳು ನಾದಿನಿ, ಹೊಲಿದೋರು ನಮ್ಮನೆಯವರು. ಬೇರೆಯವರ ಕೈಲಿ ಅಳೆಸಿ."

ಮುಖ್ಯಸ್ಥರು ನಿಧಾನದ ಮನುಷ್ಯ. ಕನ್ನಡಕ ತೆಗೆದು ಒರೆಸಿದರು. "ಬೇರೆಯವರು ಎಲ್ಲಿದಾರಮ್ಮ? ಈ ಆಫೀಸಿಗೆ ಕುರ್ಚಿ ನಾನು, ಕಾಲು ನೀವು. ನೀವು ಅಳೀರಿ, ನಾನು ಪಕ್ಕದಲ್ಲಿ ನಿಂತು ನೋಡ್ತೀನಿ. ಸಹಿ ನಂದು. ಸಂಬಂಧ ಏನು ಅಂತ ವರದಿಯ ಮೊದಲನೇ ಸಾಲಲ್ಲೇ ಬರೆಯೋಣ. ಮುಚ್ಚಿಟ್ರೆ ತಾನೆ ಕಳ್ಳತನ?"

ಬಯಲಿನಲ್ಲಿ ಗೋಪುರ ಎದ್ದು ನಿಂತಿತು. ಅದರಿಂದ ಒಂದಿಷ್ಟು ದೂರಕ್ಕೆ ಬೇಡಮ್ಮ ತೆಳ್ಳನೆಯ ಅಳತೆಕಂಬ ನಿಲ್ಲಿಸಿದಳು. ಅದರ ತುದಿಯಲ್ಲಿ ಗಾಳಿಗೆ ಗಿರಗಿರ ತಿರುಗುವ ಬಟ್ಟಲುಗಳು. ಬೀಸುವ ಗಾಳಿ ಎಷ್ಟು ಎಂದು ಬಟ್ಟಲು ಹೇಳಬೇಕು, ಗೋಪುರ ಅದರಿಂದ ಎಷ್ಟು ಕರೆಂಟ್ ತೆಗೆಯಿತು ಎಂದು ಮೀಟರ್ ಹೇಳಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೋಪುರದ ಯೋಗ್ಯತೆ ಗೊತ್ತಾಗುತ್ತದೆ. ಕ್ರಮದ ಪ್ರಕಾರ ಎದುರುಬದುರು ಎರಡು ಅಳತೆಕಂಬ ಬೇಕು. ಇನ್ನೊಂದು ರಿಪೇರಿಗೆ ಹೋಗಿತ್ತು. ಗಾಳಿ ಸಮುದ್ರದ ಕಡೆಯಿಂದಲೇ ಬೀಸುತ್ತದೆ, ಆ ಕಡೆ ಒಂದು ಇದ್ದರೆ ಸಾಕು, ಎಂದು ಬೇಡಮ್ಮ ಶುರು ಮಾಡಿಬಿಟ್ಟಳು. ಕಾಯುವುದು ಅವಳಿಗೆ ಬಾರದ ವಿದ್ಯೆ.

ಫಲಿತಾಂಶ ಬರತೊಡಗಿದಾಗ ಅವಳು ಮೀಟರನ್ನು ಬೆರಳಿನಿಂದ ತಟ್ಟಿ ನೋಡಿದಳು. ಅಷ್ಟೇ ಗಾಳಿಗೆ ಮೂರು ರೆಕ್ಕೆಯ ಸಾಮಾನ್ಯ ಯಂತ್ರ ಎಷ್ಟು ಕೊಡುತ್ತದೋ, ಈ ಆಲಿಕೆ ಅದಕ್ಕಿಂತ ಹೆಚ್ಚು ಕೊಡುತ್ತಿತ್ತು. ಮಾರನೆಯ ದಿನವೂ ಹಾಗೆಯೇ. ಮುಖ್ಯಸ್ಥರು ಎಂದೂ ಇಲ್ಲದ್ದು ಕುರ್ಚಿ ಬಿಟ್ಟು ಓಡುತ್ತ ಬಂದು ನೋಡಿದರು, ಓಡುತ್ತ ಹೋಗಿ ಪುರಸಭೆಯ ಅಧ್ಯಕ್ಷರಿಗೆ ಫೋನ್ ಮಾಡಿದರು. ಸುದ್ದಿ ಮನೆಗೆ ಮುಟ್ಟಿದಾಗ ದರ್ಜಿ ಯಾರೂ ಕರೆಯದೆ ಯಂತ್ರದಿಂದ ಎದ್ದ. ನಾದಿನಿ ಬಂದು ಅತ್ತಿಗೆಯನ್ನು ಅಪ್ಪಿಕೊಂಡು, ಶೆಡ್ಡಿನ ಮಸಿಯನ್ನೆಲ್ಲ ಅವಳ ಭುಜಕ್ಕೆ ಒರೆಸಿ ಅತ್ತಳು. ಗುಡ್ಡದ ಮನೆಯವರು ಗುಂಪಾಗಿ ಬಂದು ಬೇಲಿಯ ಹೊರಗೆ ನಿಂತು ಗೋಪುರ ನೋಡಿ ಹೋದರು.

ಬೇಡಮ್ಮನೂ ನಕ್ಕಳು. ಆದರೆ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಖುಷಿಯಾದಾಗ ಮೈ ಹಗುರಾಗಬೇಕು; ಅವಳಿಗೆ ಬೆರಳ ತುದಿಯಲ್ಲೆಲ್ಲ ಇರುವೆ ಹರಿದ ಹಾಗಾಗುತ್ತಿತ್ತು. ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

"ಏನಾಯ್ತೇ?" ಎಂದ ಗಂಡ.

"ಏನಿಲ್ಲ."

"ಏನಿಲ್ಲ ಅನ್ನೋಳು ಹಾಗೆ ಲೋಟ ಉಜ್ಜಲ್ಲ. ಅದರ ತಳವೇ ಹೋಗುತ್ತೆ ಈಗ."

ಬೆಳಗ್ಗೆ ಬೇಗ ಅವಳು ಒಬ್ಬಳೇ ಬಯಲಿಗೆ ಹೋದಳು. ಗಾಳಿ ಚೆನ್ನಾಗಿ ಬೀಸುತ್ತಿತ್ತು. ಬೇಲಿಯ ಗುಂಟ ನಡೆಯುತ್ತಿದ್ದಾಗ ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಹಾರಿತು. ಅದರ ಹಿಂದೆ ಓಡಿ, ಕುರುಚಲಿನಲ್ಲಿ ಸಿಕ್ಕಿಕೊಂಡಿದ್ದನ್ನು ಬಿಡಿಸಿಕೊಂಡು ತಲೆಯೆತ್ತಿದಳು. ಎದುರಿಗೇ ಅಳತೆಕಂಬವಿತ್ತು. ಅದರ ತುದಿಯ ಬಟ್ಟಲುಗಳು ಊಟವಾದ ಮೇಲೆ ಅಡ್ಡಾಡುವವರ ಹಾಗೆ ಮೆಲ್ಲಗೆ ತಿರುಗುತ್ತಿದ್ದವು.

ಅವಳು ಅಲ್ಲಿಯೇ ನಿಂತಳು. ವಸ್ತ್ರ ಹಾರಿಸಿದ ಗಾಳಿ ಬಟ್ಟಲಿಗೆ ಏಕೆ ತಾಗಲಿಲ್ಲ? ಕುರುಚಲು ಬಾಗಿದ್ದ ದಿಕ್ಕು ನೋಡಿದಳು. ಅಳೆಯಲು ಶುರು ಮಾಡುವ ಮೊದಲೇ ಕಾಲ ಬದಲಾಗಿತ್ತು. ಗಾಳಿ ಈಗ ಸಮುದ್ರದ ಕಡೆಯಿಂದಲ್ಲ, ಗುಡ್ಡದ ಕಡೆಯಿಂದ ಬರುತ್ತಿತ್ತು. ನಡುವೆ ಗೋಪುರ. ಅದರ ಬೆನ್ನ ಹಿಂದೆ, ಅದರದೇ ಮರೆಯಲ್ಲಿ ಅಳತೆಕಂಬ. ಗೋಪುರಕ್ಕೆ ಬಡಿಯುವ ಗಾಳಿ ಜೋರಾಗಿತ್ತು. ಬಟ್ಟಲು ಮಾತ್ರ, ಗಾಳಿ ಎಲ್ಲಿದೆ, ಬರೀ ತಂಗಾಳಿ, ಎಂದು ಹೇಳುತ್ತಿತ್ತು. ಅಷ್ಟು ಕಡಿಮೆ ಗಾಳಿಯಿಂದ ಇಷ್ಟು ಕರೆಂಟಾ ಎಂದು ಎಲ್ಲರೂ ಬೆರಗಾಗಿದ್ದು ಅದಕ್ಕೇ.

ತಪ್ಪು ಗೋಪುರದ್ದಲ್ಲ, ನಾದಿನಿಯದ್ದಲ್ಲ. ತನ್ನದು. ಎರಡನೇ ಕಂಬಕ್ಕೆ ಕಾಯದ ತನ್ನ ಆತುರದ್ದು.

ಅವಳು ಬಯಲಿನ ಸುತ್ತ ನಡೆಯತೊಡಗಿದಳು. ಈ ವಿಷಯ ತನ್ನೊಬ್ಬಳಿಗೇ ಗೊತ್ತು. ಮುಖ್ಯಸ್ಥರು ಮೀಟರ್ ನೋಡಿದರೇ ಹೊರತು ಕುರುಚಲು ನೋಡಲಿಲ್ಲ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ ಹಿರಿಯರು. ಗಾಳಿಯೇ ಬಂದು ಮನೆಯ ಬಾಗಿಲು ತಟ್ಟುತ್ತಿದೆ. ಸುಮ್ಮನಿದ್ದರೆ ನಾದಿನಿಗೆ ಹೆಸರು, ಗಂಡನಿಗೆ ಹೆಮ್ಮೆ. ಬೇಡಮ್ಮ ಕೊನೆಗೂ ಬೇಕು ಅಂದಳು ಎಂದು ಊರೂ ಮೆಚ್ಚೀತು. ಒಂದು ಸುತ್ತು ಮುಗಿಯುವ ಹೊತ್ತಿಗೆ ಗುಡ್ಡದ ಪಂಪು ನೆನಪಾಯಿತು. ಗೋಪುರ ಕಟ್ಟಿದ ಮೇಲೂ ಸಂಜೆಯ ದೀಪ ಕೆಂಪಗೇ ಉಳಿದರೆ? ಬಕೆಟ್ ಹಿಡಿದು ಸಾಲು ನಿಂತವರು ಯಾರ ಮುಖ ನೋಡಬೇಕು? ಇನ್ನೂ ಒಂದು ಸುತ್ತು ಹಾಕಿದಳು, ಧೈರ್ಯಕ್ಕಲ್ಲ, ಹೇಳುವ ಮಾತು ಜೋಡಿಸಿಕೊಳ್ಳುವುದಕ್ಕೆ.

ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡರು. "ನಿನ್ನೆ ತಾನೆ ಅಧ್ಯಕ್ಷರಿಗೆ ಫೋನಲ್ಲಿ ಕುಣಿದಾಡಿಬಿಟ್ಟೆನಲ್ಲಮ್ಮ" ಎಂದರು. ಆಮೇಲೆ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. "ಆ ಇನ್ನೊಂದು ಕಂಬ ರಿಪೇರಿಯಿಂದ ತರಿಸಿ. ಮೊದಲಿಂದ ಅಳೀರಿ. ಫೋನ್ ನಾನೇ ಮಾಡ್ತೀನಿ. ಕುಣಿದೋನು ನಾನು, ಬಯ್ಯಿಸಿಕೊಳ್ಳೋನೂ ನಾನೇ."

ಎರಡು ಕಂಬ ನಿಲ್ಲಿಸಿ ಅಳೆದಾಗ ಗೋಪುರದ ಬಣ್ಣ ಬಯಲಾಯಿತು. ಸಾಮಾನ್ಯ ಯಂತ್ರ ಕೊಡುವುದರಲ್ಲಿ ಕಾಲುಭಾಗವೂ ಅದು ಕೊಡುತ್ತಿರಲಿಲ್ಲ.

ಮನೆಯಲ್ಲಿ ಹೇಳಿದಾಗ ನಾದಿನಿ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಎದ್ದು ನಿಂತಳು.

"ಮೊನ್ನೆ ಚೆನ್ನಾಗಿತ್ತು. ಇನ್ನೊಂದು ಕಂಬ ನೆಟ್ರಿ, ಕೆಟ್ಟುಹೋಯ್ತು. ಅಂದ್ರೆ ಅದನ್ನ ನೆಡೋವರೆಗೂ ನಿಮಗೆ ಸಮಾಧಾನ ಇರ್ಲಿಲ್ಲ, ಅಲ್ವಾ?"

"ಮೊನ್ನೆದು ತಪ್ಪು ಕಣೇ. ನನ್ನದೇ ತಪ್ಪು. ಕಂಬ ಇರಬೇಕಾದ ಕಡೆ ಇರ್ಲಿಲ್ಲ."

"ನನಗೆ ಸಿಹಿ ತಿನ್ನಿಸಿ ಆಮೇಲೆ ಬಾಯಿಂದ ಕಿತ್ಕೊಂಡ್ಯಲ್ಲ!" ನೀವು ಹೋಗಿ ನೀನು ಬಂದಿತ್ತು. "ಊರಿಗೆಲ್ಲ ಬೇಡಮ್ಮ ಸರಿ. ಮನೇಲೂ ಬೇಡಮ್ಮನೇ ಆಗಬೇಕಿತ್ತಾ?"

ಆ ಹೆಸರು ಮನೆಯೊಳಗೆ ಬಂದದ್ದು ಅದೇ ಮೊದಲು. ಬೇಡಮ್ಮ ಗಂಡನ ಕಡೆ ನೋಡಿದಳು. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ, ಪೋಣಿಸುತ್ತಲೇ ಇದ್ದ. ಹೆಂಡತಿಯ ಪರ ಮಾತಾಡಿದರೆ ತಂಗಿ, ತಂಗಿಯ ಪರ ಮಾತಾಡಿದರೆ ಹೆಂಡತಿ. ನಾದಿನಿ ಬಾಗಿಲು ಬಡಿದು ಹೋದಳು.

"ನೀವಾದ್ರೂ ಏನಾದ್ರೂ ಅನ್ನಿ" ಎಂದಳು ಬೇಡಮ್ಮ.

"ಏನನ್ನಲಿ? ನೀನು ಹೇಳಿದ್ದು ನಿಜ ಅಂತ ಗೊತ್ತು. ಅದಕ್ಕೇ ಕೋಪ ಬರ್ತಿದೆ. ಸುಳ್ಳಾಗಿದ್ರೆ ಜಗಳಾನಾದ್ರೂ ಆಡಬಹುದಿತ್ತು."

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದೊಂದೇ ಕೇಳುತ್ತಿತ್ತು. ಬೇಡಮ್ಮ ನಡೆದಳು. ಬಂದರಿನ ಕಟ್ಟೆ, ಮಾರುಕಟ್ಟೆ, ಗುಡ್ಡದ ಬುಡದವರೆಗೆ ಹೋಗಿ ಶೆಡ್ಡಿನಲ್ಲಿ ಬೆಳಕು ಸಿಡಿಯುವುದನ್ನು ದೂರದಿಂದ ನೋಡಿ ವಾಪಸು. ಕೊನೆಗೊಂದು ದಿನ ವಾಪಸು ಬರದೆ ನೇರ ಶೆಡ್ಡಿಗೇ ನುಗ್ಗಿದಳು.

"ನನ್ನ ಮಾತು ನಂಬಬೇಡ. ಮೀಟರ್ ನಂಬಬೇಡ. ಬಯಲಿಗೆ ಬಾ, ಕಣ್ಣಿಂದ ನೋಡು. ಆಮೇಲೆ ಬೇಕಾದಷ್ಟು ಬಯ್ಯಿ."

ನಾದಿನಿ ಮುಖವಾಡ ಮೇಲೆತ್ತಲಿಲ್ಲ. ಆದರೆ ಗ್ಯಾಸ್ ಆರಿಸಿದಳು.

ಬಯಲಿನಲ್ಲಿ ಬೇಡಮ್ಮ ಹೊಗೆಡಬ್ಬಿಯನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿ, ಗಾಳಿ ಬರುವ ಕಡೆ, ಗೋಪುರದ ಬಾಯಿಯ ಎತ್ತರಕ್ಕೆ ಹಿಡಿದಳು. ಬಿಳಿ ಹೊಗೆ ಉದ್ದನೆಯ ಜಡೆಯಂತೆ ಬಾಯಿಯ ಕಡೆಗೆ ಹೊರಟಿತು. ಹತ್ತಿರ ಬಂತು. ಬಾಯಿಯ ಮುಂದೆ, ಒಳಗೆ ಜನ ತುಂಬಿರುವ ಕೋಣೆಗೆ ಬಂದವರ ಹಾಗೆ ತಡೆದು ನಿಂತಿತು. ಚೂರೇ ಚೂರು ಒಳಗೆ ಹೋಯಿತು; ಉಳಿದದ್ದೆಲ್ಲ ಎಡಕ್ಕೂ ಬಲಕ್ಕೂ ಕವಲೊಡೆದು, ಗೋಪುರವನ್ನು ಬಳಸಿಕೊಂಡು, ಹಿಂದೆ ಒಂದಾಗಿ ಹೊರಟುಹೋಯಿತು.

"ಇನ್ನೊಂದು ಸಲ" ಎಂದಳು ನಾದಿನಿ.

ಇನ್ನೊಂದು ಸಲವೂ ಅದೇ. ಮಧ್ಯಾಹ್ನವೆಲ್ಲ ಅವಳು ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಲೇ ಇದ್ದಳು. ಡಬ್ಬಿಗಳು ಮುಗಿಯುತ್ತ ಬಂದವು. ಆಮೇಲೆ ಅವಳು ಗೋಪುರದ ಹತ್ತಿರ ಹೋಗಿ ತಗಡಿನ ಗಂಟಲಿಗೆ ಕೈಯಿಟ್ಟು ನಿಂತಳು.

"ಒಳಗೆ ಜಾಗ ಇಲ್ಲ ಅಂತ ಅದಕ್ಕೆ ಬಾಗಿಲಲ್ಲೇ ಗೊತ್ತಾಗಿಬಿಡುತ್ತೆ, ಅಲ್ವಾ? ನಾನು ಗಂಟಲು ಕಿರಿದು ಮಾಡಿದಷ್ಟೂ ಅದು ಹೊರಗಿನ ದಾರಿ ಹಿಡಿಯುತ್ತೆ."

"ಹೂಂ. ಹೊರಗೆ ಇಷ್ಟು ಬಯಲು ಬಿದ್ದಿರೋವಾಗ ಅದಕ್ಕೇನು ಹಣೆಬರಹ, ನಿನ್ನ ಸಂದಿಯಲ್ಲಿ ನುಗ್ಗೋಕೆ?"

ನಾದಿನಿಗೆ ನಗು ಬಂತು, ಜೊತೆಗೇ ಅಳುವೂ. ಮಾರನೆಯ ದಿನ ಅವಳು ಕಟ್ಟರ್ ತಂದು ಗಂಟಲನ್ನು ಗಿಡ್ಡ ಮಾಡಿದಳು, ಅಗಲ ಮಾಡಿದಳು. ದರ್ಜಿ ಅಂಗಡಿಗೆ ಬೀಗ ಹಾಕಿ ಬಂದು, ಏಣಿಯ ಮೇಲೆ ನಿಂತು ಬಟ್ಟೆಯ ಬಾಯಿ ಬಿಚ್ಚಿ ಮತ್ತೆ ಹೊಲಿದ. ಕರೆಂಟ್ ಮೊದಲಿಗಿಂತ ಹೆಚ್ಚಿತು. ಇನ್ನೂ ಅಗಲ ಮಾಡಿದರು, ಇನ್ನೂ ಹೆಚ್ಚಿತು. ಆದರೆ ಎಲ್ಲ ಮಾಡಿದ ಮೇಲೂ ಸಾಮಾನ್ಯ ಯಂತ್ರದ ಅರ್ಧಕ್ಕೆ ಬಂದು ನಿಂತಿತು. ಅಲ್ಲಿಂದ ಮುಂದಕ್ಕೆ ಹೋಗಲು ಉಳಿದಿದ್ದು ಒಂದೇ ದಾರಿ, ಗಂಟಲನ್ನೇ ತೆಗೆದುಹಾಕಿ ಫ್ಯಾನನ್ನು ಬಯಲ ಗಾಳಿಗೆ ಒಡ್ಡುವುದು.

"ಹಾಗೆ ಮಾಡಿದ್ರೆ ಅದು ಮೊದಲಿನ ಗಾಳಿಯಂತ್ರಾನೇ ಆಯ್ತಲ್ಲ" ಎಂದಳು ನಾದಿನಿ.

ಅತ್ತಿಗೆ ಮೀಟರಿನ ತಂತಿ ಸುತ್ತತೊಡಗಿದಳು.

ಪುರಸಭೆಯ ಸಭೆಗೆ ಮೂವರೂ ಹೋದರು. ಮುಖ್ಯಸ್ಥರು ವರದಿ ಓದಿದರು: ಈ ಗೋಪುರ ಗುಡ್ಡದ ಪಂಪಿಗೆ ಸಾಲದು. ಮೊದಲ ಫಲಿತಾಂಶ ತಪ್ಪಾದದ್ದು ಪರೀಕ್ಷಕರ ಅಳತೆಯಿಂದ, ಮಾಡಿದವರ ಲೋಪದಿಂದಲ್ಲ. ಬೇಡಮ್ಮ ಆ ಸಾಲನ್ನು ತಾನೇ ಹೇಳಿ ಬರೆಸಿದ್ದಳು. ಗುಡ್ಡದವರಲ್ಲಿ ಒಬ್ಬಾಕೆ ಎದ್ದು, "ಹಾಗಾದ್ರೆ ನಮ್ಮ ಗತಿ ಏನು? ಮತ್ತೆ ಆ ರೆಕ್ಕೇನೇ ತಲೆ ಮೇಲೆ ತಂದಿಡ್ತೀರಾ?" ಎಂದು ಕೇಳಿದಾಗ ಸಭೆ ಗದ್ದಲವಾಯಿತು.

ಗದ್ದಲದ ನಡುವೆ ನಾದಿನಿ ಎದ್ದಳು. ಯಾರ ಮೇಜು ರೆಕ್ಕೆಯ ಕೆಳಗೆ ನುಚ್ಚುನೂರಾಗಿತ್ತೆಂದು ಎಲ್ಲರಿಗೂ ಗೊತ್ತಿದ್ದರಿಂದ ಸಭೆ ಸುಮ್ಮನಾಯಿತು.

"ಗುಡ್ಡದ ಆ ಕಡೆ ಇಳಿಜಾರಲ್ಲಿ ಮನೆ ಇಲ್ಲ, ದಾರಿ ಇಲ್ಲ. ರೆಕ್ಕೆಯ ಯಂತ್ರ ಅಲ್ಲಿ ನಿಲ್ಲಿಸಿ. ಮುರಿದ್ರೆ ಕುರುಚಲ ಮೇಲೆ ಬೀಳುತ್ತೆ. ಮುರೀದೇ ಇರೋ ಹಾಗೆ ನೋಡ್ಕೊಳ್ಳೋದು..." ಅವಳು ಅಣ್ಣನ ಕಡೆ ಒಮ್ಮೆ ನೋಡಿದಳು. "ಅದರ ಬೋಲ್ಟು, ಬೆಸುಗೆ ನಾನೇ ಹತ್ತಿ ನೋಡ್ತೀನಿ. ಬೇರೆಯವರು ನೋಡಿದಾರೆ ಅಂತ ಹೇಳಿದ್ರೆ ನಾನಂತೂ ನಂಬಲ್ಲ."

ಬೇಡಮ್ಮ ಬೆಚ್ಚಿ ತಿರುಗಿದಳು. ಗಾಳಿಯಂತ್ರ ಕಂಡರೆ ಬೀದಿ ಬದಲಿಸುವವಳ ಬಾಯಲ್ಲಿ ಈ ಮಾತು!

ಆ ಇಳಿಜಾರಿನಲ್ಲಿ ಹೊಸ ಗಾಳಿಯಂತ್ರ ಎದ್ದು ನಿಂತಿತು. ಗುಡ್ಡದ ದೀಪಗಳು ಬಿಳಿಯಾದವು, ಪಂಪು ಸಂಜೆಯಲ್ಲೂ ನೀರೆತ್ತಿತು. ಮೊದಲ ತಪಾಸಣೆಯ ದಿನ ರೆಕ್ಕೆಗಳಿಗೆ ತಡೆ ಹಾಕಿ ನಿಲ್ಲಿಸಿದ್ದರು. ನಾದಿನಿ ಕಂಬದ ಬುಡದಲ್ಲಿ ಬೆಲ್ಟು ಬಿಗಿದುಕೊಂಡು ಬಹಳ ಹೊತ್ತು ನಿಂತಳು. ದರ್ಜಿ ಸ್ವಲ್ಪ ದೂರದಲ್ಲಿ ಬಂಡೆಯ ಮೇಲೆ ಕುಳಿತು, ನೋಡಲಾರದೆ ಬೇರೆ ಕಡೆ ಮುಖ ಮಾಡಿದ್ದ.

"ಅತ್ತಿಗೆ, ನೀವೂ ಬನ್ನಿ."

"ನಾನಾ?"

"ಕಾಲು ನಿಲ್ಲಲ್ಲ ಅಂತೀರಲ್ಲ. ಮೇಲಕ್ಕೆ ಹಾಕಿ ಅದನ್ನ."

ನಾದಿನಿ ಮುಂದೆ, ಅವಳ ಹಿಂದೆ ಬೇಡಮ್ಮ. ಕಬ್ಬಿಣದ ಮೆಟ್ಟಿಲು ಕಂಬದ ಒಳಗೇ ನೆಟ್ಟಗೆ ಏರುತ್ತಿತ್ತು. ನಡುವೆ ಎಲ್ಲೋ ನಾದಿನಿಯ ಬೂಟು ಬೇಡಮ್ಮನ ಮುಖದ ಮುಂದೆಯೇ ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹೊರಗೆ ಗಾಳಿ ಕಂಬದ ಮೈ ಉಜ್ಜಿಕೊಂಡು ಹೋಗುವ ಸದ್ದು.

ಹತ್ತು ಎನ್ನಲಿ, ಇಳಿದುಬಿಡು ಎನ್ನಲಿ, ಯಾವುದೂ ಈಗ ಹೇಳುವ ಮಾತಲ್ಲ ಎಂದು ಬೇಡಮ್ಮನಿಗೆ ಅನ್ನಿಸಿತು. ಅವಳು ಎರಡೂ ಕೈಯಿಂದ ಮೆಟ್ಟಿಲು ಹಿಡಿದು ನಿಂತಳು. ತೊಡೆ ಸೆಳೆಯಿತು, ಹಿಮ್ಮಡಿ ಉರಿಯಿತು, ಕಾಲ ಬೆರಳುಗಳು ಬೂಟಿನೊಳಗೆ ಹೊರಡೋಣ ಹೊರಡೋಣ ಎಂದು ಕುಣಿದವು. ಅವಳು ಕದಲಲಿಲ್ಲ. ಹಾಗೆ ಎಷ್ಟು ಹೊತ್ತು ನಿಂತಳೆಂದು ಆಮೇಲೆ ಕೇಳಿದರೆ, ಮದುವೆಯ ದಿನವೂ ಅಷ್ಟು ಹೊತ್ತು ನಿಂತಿರಲಿಲ್ಲ ಎಂದಷ್ಟೇ ಹೇಳುತ್ತಿದ್ದಳು.

ಮುಖದ ಮುಂದಿನ ಬೂಟು ಎದ್ದಿತು. ಒಂದು ಮೆಟ್ಟಿಲು. ಇನ್ನೊಂದು.

ತುದಿಯಲ್ಲಿ ಮುಚ್ಚಳ ತೆರೆದಾಗ ಆಕಾಶ ಒಮ್ಮೆಲೇ ಮುಖಕ್ಕೆ ಬಡಿಯಿತು. ಕೆಳಗೆ ದರ್ಜಿ ಬೆರಳ ಗಾತ್ರ ಕಾಣುತ್ತಿದ್ದ. ಎದ್ದು ನಿಂತು ಕೈ ಬೀಸುತ್ತಿದ್ದ. ನಾದಿನಿ ಅತ್ತ ನೋಡಲಿಲ್ಲ. ರೆಕ್ಕೆಯ ಬುಡಕ್ಕೆ ಬಾಗಿ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಬೋಲ್ಟು ತಟ್ಟುತ್ತ, ಕಿವಿಗೊಟ್ಟು ಸದ್ದು ಕೇಳುತ್ತ ಸರಿದಳು. ಟಣ್, ಟಣ್, ಟಣ್. ಆಮೇಲೆ ಒಂದು ಕಡ್ ಅಂತು. ಅವಳು ಅದನ್ನೇ ಮತ್ತೆ ತಟ್ಟಿದಳು.

"ಅತ್ತಿಗೆ, ಇದು ಸಡಿಲ ಇದೆ."

"ಖಂಡಿತಾನಾ?"

"ನೀವೇ ತಟ್ಟಿ ನೋಡಿ."

ಬೇಡಮ್ಮ ತಟ್ಟಿ ನೋಡಿದಳು. ಸಡಿಲವಿತ್ತು. ಚೀಲದಿಂದ ದೊಡ್ಡ ಸ್ಪ್ಯಾನರ್ ತೆಗೆದು ಕೊಟ್ಟಳು. ಇಬ್ಬರೂ ಅದರ ಹಿಡಿಗೆ ಕೈ ಹಾಕಿ, ಉಸಿರು ಬಿಗಿಹಿಡಿದು ಎಳೆದರು.